ರಬ್ಬರ್ ರೆಕ್ಕೆ

ಅರ್ಜುನಪ್ಪ ಹೆಬ್ಬೆರಳು ತೆಗೆದ. ರೆಕ್ಕೆ ಒಂದು ಕ್ಷಣ ನಿಂತಿತು, ವಾಲಿತು, ಜಾರಿ ಅವನ ಮಡಿಲಿಗೆ ಬಿತ್ತು. ರಾಕೆಟ್ಟಿನ ರಟ್ಟಿನ ಕೊಳವೆಯಿಂದ ಅಂಟಿನ ಎಳೆಯೊಂದು ಜೋತಾಡುತ್ತಿತ್ತು.

ಶಾಲೆಯ ಬಯಲಿನಲ್ಲಿ ಬಿಸಿಲು ಏರುತ್ತಿತ್ತು. ಶಾಲೆಯ ತಪಾಸಣೆಗೆ ಬರುವ ಇನ್‌ಸ್ಪೆಕ್ಟರರ ಬಸ್ಸು ಇನ್ನೇನು ರೋಣ ಮುಟ್ಟಬೇಕು. ರಾಕೆಟ್ ಹಾರಿದರೆ ವಿಜ್ಞಾನದ ತರಗತಿ ಉಳಿಯುತ್ತದೆ. ಹಾರದಿದ್ದರೆ ಆ ತರಗತಿಯ ಕೋಣೆಗೆ ನೂಲುವ ಚರಕಗಳು ಬರುತ್ತವೆ, ಅವನು ಮೆಣಸಗಿಯ ಚಿಕ್ಕ ಮಕ್ಕಳ ಶಾಲೆಗೆ ಹೋಗಿ ಮಗ್ಗಿ ಹೇಳಿಸಬೇಕು. ಹೆಡ್‌ಮಾಸ್ತರ ಮಲ್ಲೇಶಪ್ಪನವರು ಇದನ್ನು ಮುಚ್ಚಿಡದೆ ಹೇಳಿದ್ದರು. ರಷ್ಯಾದವರು ಆಕಾಶಕ್ಕೆ ಗೋಳ ಹಾರಿಸಿದಂದಿನಿಂದ ಊರು ಅವನನ್ನು ಸ್ಪುಟ್ನಿಕ್ ಮಾಸ್ತರ ಎಂದೇ ಕರೆಯುತ್ತಿತ್ತು.

ತಗಡಿನ ರೆಕ್ಕೆ ಭಾರವಾಗಿತ್ತು. ರಟ್ಟಿನದು ಮೇಲೇಳುತ್ತಲೇ ಮಡಚಿಕೊಂಡು ರಾಕೆಟ್ಟನ್ನು ಯಾರದೋ ಬಣವೆಯತ್ತ ತಿರುಗಿಸಿತ್ತು. ಆಗ ಹೆಂಡತಿ ಸುಶೀಲವ್ವ ತನ್ನ ಸಾಬೂನಿನ ಡಬ್ಬಿ ಕೊಟ್ಟಳು. ಹಸಿರು, ತೆಳು, ಹಗುರ. ರಬ್ಬರಿನದು, ಅಂದಳು. ಇಲ್ಲಿ ಗಾಜೂ ಅಲ್ಲದ ಲೋಹವೂ ಅಲ್ಲದ ಹೊಳೆಯುವುದೆಲ್ಲ ರಬ್ಬರೇ: ಕೈಗೆ ರಬ್ಬರ್ ಬಳಿ, ತಲೆಗೆ ರಬ್ಬರ್ ಹಣಿಗಿ. ಕತ್ತರಿಸಿದ ರೆಕ್ಕೆಗಳಿಗೆ ಮೈದಾ ಅಂಟು ಹಚ್ಚಿದ. ಒಣಗಿ ಹಕ್ಕಳೆಯಂತೆ ಎದ್ದಿತು. ಬಡಗಿಯ ಸರೇಸಿನದೂ ಅದೇ ಪಾಡು. ಹಾಗಾದರೆ ರಬ್ಬರಿಗೆ ರಬ್ಬರಿನ ಅಂಟು ಎಂದುಕೊಂಡು, ಸೈಕಲ್ ಅಂಗಡಿಯ ಸುಭಾನಸಾಬನಿಂದ ಟ್ಯೂಬಿಗೆ ತೇಪೆ ಹಚ್ಚುವ ಸಲ್ಯೂಷನ್ ತಂದ. ಮುಂಜಾನೆಯ ತಂಪಿನಲ್ಲಿ ಅದು ಗಟ್ಟಿಯಾಗಿ ಹಿಡಿದಿತ್ತು. ಅವನು ಒಬ್ಬನೇ ನಕ್ಕಿದ್ದ.

ಈಗ ಮಡಿಲಿನ ರೆಕ್ಕೆಯನ್ನು ಉಗುರಿನಿಂದ ಕೆರೆದು ಮೂಸಿದ. ಕರ್ಪೂರದ ವಾಸನೆ.

ರಬ್ಬರಲ್ಲ, ಕರ್ಪೂರ ಬೆರೆಸಿ ಮಾಡುವ ಸೆಲ್ಯುಲಾಯ್ಡ್. ತಾನೇ ಹಲಗೆಯ ಮೇಲೆ ಬರೆದು ಪಾಠ ಹೇಳಿದ ಪದ. ಅದಕ್ಕೆ ಬರೀ ಮೇಲೆ ಹಿಡಿಯುವ ಅಂಟು ಸಾಲದು. ಅದರ ಮೈಯನ್ನೇ ಕರಗಿಸಿ ಬೆಸೆಯುವಂಥದು ಬೇಕು, ಟೂರಿಂಗ್ ಟಾಕೀಸಿನವರು ಹರಿದ ಫಿಲ್ಮಿಗೆ ಹಚ್ಚುವಂಥದು. ಅವರ ಡೇರೆ ಈ ವಾರ ನರಗುಂದದಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಸಂಜೆ.

ನೋಡಲು ಬಂದು ನಿಂತಿದ್ದ ಸುಭಾನಸಾಬ ತನ್ನ ಮಾಲನ್ನು ಬಿಟ್ಟುಕೊಡಲಿಲ್ಲ. "ರಬ್ಬರ್ ಅಂತ ನೀವ ಅಂದ್ರಿ, ಮಾಸ್ತರ. ನನ್ನ ಸಲ್ಯೂಷನ್ನಿಗೆ ಬೈಬ್ಯಾಡ್ರಿ." ಆಮೇಲೆ ಮೆತ್ತಗಾಗಿ, ದಾರ ಸುತ್ತಿ ನೋಡಲು ಹೇಳಿದ. ಅರ್ಜುನಪ್ಪ ಸುತ್ತಿದ. ಬಿಸಿಲಿಗೆ ಮೆತ್ತಗಾದ ಅಂಟಿನ ಮೇಲೆ ರೆಕ್ಕೆಗಳು ಒಂದೊಂದು ದಿಕ್ಕಿಗೆ ಸೊಟ್ಟಗಾದವು. ಬಿಚ್ಚಿದ. ಮತ್ತೆ ಸುತ್ತಿದ. ದಾರ ಹರಿಯಿತು.

ದೂರದಲ್ಲಿ ಬಸ್ಸಿನ ಧೂಳು ಎದ್ದಿತು. ಮಲ್ಲೇಶಪ್ಪನವರು ಕೊಡೆ ಮಡಚಿಕೊಂಡು ಹತ್ತಿರ ಬಂದು, ಬಿದ್ದ ರೆಕ್ಕೆಗಳನ್ನು ನೋಡಿದರು. ಸಿಟ್ಟಾಗಲಿಲ್ಲ. ಅವರಿಗೂ ತರಗತಿ ಬೇಕಿತ್ತು.

"ಹಾರಸೂದು ಬಿಡ್ರಿ," ಅಂದರು. "ಒಳಗ ನೆರಳಾಗ ಮೇಜಿನ ಮ್ಯಾಲ ನಿಂದರಸ್ರಿ, ಅಂಟು ತಡಿತದ. ನಿನ್ನಿ ಹಾರಿತ್ತು ಅಂತ ಸಾಹೇಬರಿಗೆ ನಾ ಹೇಳ್ತೀನಿ. ಹುಡುಗರಿಗೂ ಹೇಳೇನಿ, ಕೇಳಿದ್ರ ಹೌದ್ರಿ ಅಂತಾವ. ನಿಮ್ಮ ಕ್ಲಾಸು ಉಳೀತದ."

ಜಗುಲಿಯ ಮೇಲೆ ಹುಡುಗರು ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ಕೂತಿದ್ದರು. ಎಲ್ಲರ ಕಣ್ಣೂ ಆಗಲೇ ಮೇಲೆ, ಖಾಲಿ ಆಕಾಶದಲ್ಲಿ.

"ಒಲ್ಲೆರಿ," ಅಂದ ಅರ್ಜುನಪ್ಪ. "ಹುಡುಗರ ಕಡಿಂದ ಸುಳ್ಳು ಹೇಳಸೂದು ಬ್ಯಾಡ."