ಬುಡದ ಕನ್ನಡಿ

ಬೆಳ್ಳಗೆ, ಅಯ್ಯ ಶಿವನೇ, ಎಲ್ಲಾ ಬೆಳ್ಳಗೆ — ಓಣಿಯ ತಿರುವಿನಲ್ಲಿ ಕತ್ತೆತ್ತಿದ ದುರ್ಗಾಳ ಕಾಲುಗಳು ಅಲ್ಲೇ ನಿಂತುಬಿಟ್ಟವು, ಶಿರಹಟ್ಟಿಯ ಈ ಮಾಳಿಗೆಯ ಅಂಚಿನಲ್ಲಿ ಮೊನ್ನೆ ರವಿವಾರ ತಾನೇ ಕೂರಿಸಿದ ಸೋಲಾರ್ ಗೀಜರು, ಇಳಿಜಾರಾಗಿ ಮಲಗಿಸಿದ ಹದಿನೈದು ಗಾಜಿನ ಟ್ಯೂಬು, ಹದಿನೈದರ ಬುಡವೂ ಬೆಳ್ಳಗೆ, ಒಂದು ಹೋಗಿದ್ದರೆ ರಸ್ತೆಯ ತಗ್ಗನ್ನು ಬೈಯಬಹುದಿತ್ತು, ಎರಡು ಹೋಗಿದ್ದರೆ ಟೆಂಪೋದವನನ್ನು, ಹದಿನೈದಕ್ಕೆ ಹದಿನೈದೂ ಹೋದರೆ ತನ್ನ ಕೈಯನ್ನಲ್ಲದೆ ಯಾರನ್ನು ಬೈಯುವುದು — ಮೊನ್ನೆ ಇರಲಿಲ್ಲ ಹೀಗೆ, ಒಂದೊಂದನ್ನೂ ಕೌದಿಯಿಂದ ಬಿಚ್ಚಿ ಬುಡ ನೋಡಿಯೇ ಕೂರಿಸಿದ್ದಳು, ಪ್ರತಿ ಬುಡದಲ್ಲೂ ಬೆರಳುದ್ದದ ಕನ್ನಡಿ, ಅದರೊಳಗೆ ತನ್ನ ಮೂಗು ಬದನೆಕಾಯಿಯಷ್ಟು ದಪ್ಪ ಕಂಡು ಒಬ್ಬಳೇ ನಕ್ಕಿದ್ದಳು, ಬೆಟಗೇರಿಯ ಅಂಗಡಿಯಲ್ಲಿ ಇಸ್ಮಾಯಿಲಸಾಬ ಮೊದಲ ದಿನ ಕಲಿಸಿದ್ದೇ ಈ ಕನ್ನಡಿಯ ಪಾಠ, ನೋಡು ಬೇಟಿ, ಗಾಜು ಎರಡು ಪದರ ಐತಿ, ನಡುವ ಗಾಳಿ ಇಲ್ಲ, ಅದಕ್ಕ ಒಳಗಿನ ಕಾವು ಹೊರಗ ಬರಂಗಿಲ್ಲ, ಈ ಬುಡದಾಗ ಒಳಗಿಂದ ಬೇರಿಯಂ ಅಂತ ಒಂದು ಲೋಹ ಬಳದಿರತಾರ, ಎಲ್ಲೋ ಒಂಚೂರು ಗಾಳಿ ನುಸುಳಿದ್ರ ಅದರಾಗಿನ ಆಕ್ಸಿಜನ್ ಹಿಡದು ನುಂಗಿಬಿಡತೈತಿ, ಕಟ್ಟಿಮ್ಯಾಲ ಕುಂತ ಮುದುಕಿ ಇದ್ದಂಗ, ಯಾರನ್ನೂ ಸುಮ್ನ ಒಳಗ ಬಿಡಂಗಿಲ್ಲ, ಆದ್ರ ಗಾಜು ಸೀಳಿ ಗಾಳಿ ನುಗ್ಗಿತಂದ್ರ ಪಾಪ ಅದಾದ್ರೂ ಎಷ್ಟು ನುಂಗೀತು, ಕನ್ನಡಿ ಹೋಗಿ ಸುಣ್ಣದಂಗ ಬೆಳ್ಳಗಾಕ್ಕೈತಿ, ಕನ್ನಡಿ ಐತಂದ್ರ ಜೀವ ಐತಿ, ಬೆಳ್ಳಗಾತಂದ್ರ ಮುಗೀತು.

ಮುಗೀತು, ಹೌದು, ದುರ್ಗಾ ಮಿಸ್ತ್ರಿಯ ಕಥೆ ಮೂರೇ ದಿನಕ್ಕೆ ಮುಗೀತು, ಒಬ್ಬಳೇ ಹೋಗಿ ಮಾಡಿದ ಮೊದಲ ಕೆಲಸ, ಮೂರು ದಿನ ತಕರಾರು ಬರದಿದ್ರ ಶಿರಹಟ್ಟಿ ಕಡೀ ಕೆಲಸ ಎಲ್ಲಾ ನಿಂದ, ನೀನ ಮಿಸ್ತ್ರಿ, ಅಂದಿದ್ದ ಇಸ್ಮಾಯಿಲಸಾಬ, ಬಂದ್ರ ಚಾಚಾ, ಅಂತ ಇವಳು ಕೇಳಿದ್ದಕ್ಕೆ, ಬಂದ್ರ ಇನ್ನೊಂದು ವರ್ಷ ನನ್ನ ಹಿಂದ ನಟ್ಟು ಬಿಗಿಯೂ ಪಾನಾ ಹಿಡಕೊಂಡು ನಿಂದ್ರು — ಇವತ್ತಿಗೆ ಮೂರನೆಯ ದಿನ, ಬೆಳಿಗ್ಗೆ ಈ ಮನೆಯ ಯಜಮಾನ ವಿರೂಪಾಕ್ಷಪ್ಪನ ಫೋನು, ಒಮ್ಮಿ ಬಂದು ಹೋಗವಾ ತಂಗಿ, ಜಲ್ದಿ ಬಾ, ಅಷ್ಟೇ ಅಂದು ಇಟ್ಟುಬಿಟ್ಟ, ಬಸ್ಸಿನಲ್ಲಿ ಮುಳಗುಂದದ ತನಕ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು, ವಿರೂಪಾಕ್ಷಪ್ಪನದು ಹೋಗಲಿ, ಅವನ ಹೆಂಡತಿ ಶೇಖವ್ವ ಇದ್ದಾಳಲ್ಲ, ಮೊನ್ನೆ ಕಟ್ಟೆಯ ಮೇಲೆ ಕೂತು ಕಣ್ಣು ಕೀಳದೆ ನೋಡಿದವಳು, ಗಂಡಸರಿಗೇ ಬರದ ಕೆಲಸ ಈ ಹುಡುಗಿ ಏನ್ ಮಾಡ್ಯಾಳು, ಮನ್ಯಾಗ ಬಾಣಂತಿ ಸೊಸಿ ಅದಾಳ, ಕೂಸಿಗೆ ಎರಿಯೂ ನೀರು ತಣ್ಣಗಾದ್ರ ನಿನ್ನ ಬಿಡಂಗಿಲ್ಲ ನೋಡವಾ, ಅಂದಿದ್ದಳು, ಆಗ ದುರ್ಗಾ ಮನಸ್ಸಿನಲ್ಲೇ ಅಂದುಕೊಂಡಿದ್ದಳು, ಬೇರಿಯಂ ಅಂದ್ರ ಇಕೀನ — ಈಗ ನಗು ಬರುತ್ತಿಲ್ಲ, ಕಟ್ಟೆ ಖಾಲಿ ಇದೆ, ಶೇಖವ್ವ ಇಲ್ಲ, ಆ ಕೂಸಿಗೆ ನೆಗಡಿಯಾಯಿತೋ ಏನೋ, ಬೈಸಿಕೊಳ್ಳುವ ಮೊದಲು ಮೇಲೆ ಹೋಗಿ ನೋಡಿಬಿಡೋಣ, ಏಣಿ ಮೊನ್ನೆ ಇಟ್ಟಲ್ಲೇ ಇದೆ, ಒಂದು, ಎರಡು, ಮೆಟ್ಟಿಲು ಮುಗಿದವು, ಮಾಳಿಗೆಯ ಮಣ್ಣು ಆಗಲೇ ಕಾದು ಹೆಂಚಾಗಿದೆ, ಗಾಳಿ ಹೊಕ್ಕ ಟ್ಯೂಬು ಈ ಬಿಸಿಲಿಗೆ ಕೈ ಸುಡಬೇಕು, ಒಳಗಿನ ಕಾವೆಲ್ಲ ಹೊರಗಿನ ಗಾಜಿಗೆ ಬಂದುಬಿಡುತ್ತದೆ, ಹೆದರುತ್ತ ಹೆದರುತ್ತ ಬೆರಳು ತಾಗಿಸಿದಳು — ತಣ್ಣಗಿದೆ, ಇದೇನಿದು, ಮತ್ತೊಂದು, ಅದೂ ತಣ್ಣಗಿದೆ, ಸತ್ತದ್ದು ಹೀಗಿರುತ್ತದೆಯೇ, ಬಗ್ಗಿದಳು, ಮೂಗಿಗೆ ಮಠದ ವಾಸನೆ, ಬೆಳ್ಳಗಿದ್ದುದರ ಮೇಲೆ ಮೂರು ಬೆರಳಿನ ಗೆರೆ, ಒಂದರ ಕೆಳಗೊಂದು, ಹದಿನೈದು ಬುಡಕ್ಕೂ ಮೂರು ಮೂರು ಗೆರೆ, ವಿಭೂತಿ, ಥೂ ನಿನ್ನ, ವಿಭೂತಿ!

ಏ ಯವ್ವಾ, ಅಳಿಸಬ್ಯಾಡ, ಅಂಗಳದಿಂದ ಶೇಖವ್ವನ ದನಿ, ನಿನ್ನೆ ಸೋಮಾರ ನಾನ ಏಣಿ ಹತ್ತಿ ಹಚ್ಚೀನಿ, ಮನಿಗೆ ಬಂದ ಹೊಸ ಸಾಮಾನು ಬರೇ ಹಣಿಲೆ ಇರಬಾರದು, ಆ ವಯಸ್ಸಿನಲ್ಲಿ ಏಣಿ ಹತ್ತಿದಳೇ ಈ ಮುದುಕಿ, ನೀರು ಹೆಂಗ ಬರಾಕತ್ತಾವ್ರಿ ಅಮ್ಮಾರ, ದುರ್ಗಾ ಮೇಲಿಂದಲೇ ಕೇಳಿದಳು, ಅಯ್ಯ ಏನ್ ಕೇಳತಿ, ಆ ಸುಡು ನೀರಿಗೆ ತಣ್ಣೀರು ಬೆರಸಿ ಬೆರಸಿ ಕೈ ಸೋತಾವು, ಕೂಸು ಎರಕೊಂಡು ಗಡದ್ದಾಗಿ ಮಲಗೈತಿ, ಸಿಹಿ ಮಾದ್ಲಿ ಮಾಡೀನಿ, ನಿನಗ ಉಣ್ಣಾಕ ಹಾಕಬೇಕಂತ ಕರಿಸೀನಿ, ನಮ್ಮನಿಯವರು ಹೇಳಲಿಲ್ಲನು, ಇಳದು ಬಾ ಮಿಸ್ತ್ರಿ — ಮಿಸ್ತ್ರಿ, ಶೇಖವ್ವನ ಬಾಯಲ್ಲೇ ಬಂತಲ್ಲ, ಚಾಚಾನಿಗಿಂತ ಮೊದಲು, ಬಂದೆರಿ ಅಂದಳು, ಇಳಿಯಲಿಲ್ಲ, ಕಣ್ಣೊಳಗೆ ನೀರು, ಬಾಯ್ತುಂಬ ನಗು, ಹದಿನಾಲ್ಕು ಹಾಗೇ ಇರಲಿ, ಒಂದೇ ಒಂದನ್ನು ನೋಡಿಬಿಡಬೇಕು, ವೇಲಿನ ತುದಿಯಿಂದ ಕೊನೆಯ ಟ್ಯೂಬಿನ ಬುಡ ಒರೆಸಿದಳು, ಒಂದು ಬೆರಳಿನಷ್ಟು, ಅಷ್ಟೇ, ಅಲ್ಲಿ ಕನ್ನಡಿ, ಕನ್ನಡಿಯೊಳಗೆ ಬಿಸಿಲು, ಬಿಸಿಲಿನ ನಡುವೆ ಬದನೆಕಾಯಿಯಷ್ಟು ದಪ್ಪನೆಯ ಮೂಗು, ಮೂಗಿನ ತುದಿಗೆ ಒಂಚೂರು ವಿಭೂತಿ, ಕನ್ನಡಿ ಐತಂದ್ರ —