ಕೊರಿನ್ ಒಡೆದ ತಲೆಬುರುಡೆ

ಮೊಂಟಾನಾದ ಬೋಳುಗುಡ್ಡಗಳಲ್ಲಿ ದನ ಮೇಯಿಸಿಕೊಂಡು ಬೆಳೆದ ಆರ್ಡಿಸ್‌ಗೆ ಕಲ್ಲಾದ ಎಲುಬು ಹೊಸತಲ್ಲ. ಆದರೆ ಇಷ್ಟು ಇಡಿಯಾದ ಡೈನೋಸಾರ್ ತಲೆಬುರುಡೆಯನ್ನು ಅವಳು ಕಂಡಿರಲಿಲ್ಲ. ಮುಂದೆ ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಅಲ್ಲಿ ಒಂದು ಹಲ್ಲೂ ಇಲ್ಲ. ಹಿಂದೆ ದವಡೆಯಲ್ಲಿ ಮಾತ್ರ ಜೋಳದ ತೆನೆಯಂತೆ ಒತ್ತೊತ್ತಾಗಿ ನೂರಾರು ಹಲ್ಲು. ನೆತ್ತಿಯ ಮೇಲೆ ಟೊಳ್ಳು ಜುಟ್ಟು. ಅದರೊಳಗೆ ಉಸಿರು ಹಾಯಿಸಿ ಪ್ರಾಣಿ ಕಹಳೆಯಂತೆ ಕೂಗುತ್ತಿತ್ತು ಎಂದು ಆರ್ಡಿಸ್ ಹೇಳಿದಾಗಲೆಲ್ಲ ತಂಗಿ ಕೊರಿನ್ ಹಂಗಿಸುತ್ತಿದ್ದಳು: ಭಾವ ಹೋದ ಮೇಲೆ ಅಕ್ಕ ಇದನ್ನು ಕಟ್ಟಿಕೊಂಡಿದ್ದಾಳೆ ಎಂದು.

ಮೂರು ಬೇಸಿಗೆ ಸುತ್ತಲಿನ ಮಣ್ಣು ಕೆರೆದು, ಮುರಿದ ಕೈಗೆ ಹಾಕುವಂತೆ ಬುರುಡೆಗೆ ಪ್ಲಾಸ್ಟರ್ ಸುತ್ತಿ, ಆ ಮಧ್ಯಾಹ್ನ ಟ್ರಕ್ಕಿಗೆ ಕಟ್ಟಿ ಎಳೆಯಲು ಇಬ್ಬರೇ ಹೊರಟಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ನಾಳೆ ಬರೋಣ ಎಂದು ಕೊರಿನ್ ಗೋಗರೆದಳು. ಅಕ್ಕ ಕೇಳಲಿಲ್ಲ.

ಮಳೆ ಬಿದ್ದದ್ದೇ ತಡ, ಗುಡ್ಡದ ಮಣ್ಣು ಸಾಬೂನಿನಂತಾಯಿತು. ಹಗ್ಗ ಕಿತ್ತುಹೋಗಿ ಪ್ಲಾಸ್ಟರ್ ಸುತ್ತಿದ ಬುರುಡೆ ಜಾರಿತು. ಕೆಳಗೆ ನಿಂತಿದ್ದ ಆರ್ಡಿಸ್‌ಳನ್ನು ತಳ್ಳಿಕೊಂಡು ಹೋಗಿ, ಅವಳ ಕಾಲನ್ನು ಹಳ್ಳದ ಬಂಡೆಗೆ ಒತ್ತಿಹಿಡಿದು ನಿಂತಿತು. ಒಣಗಿದ್ದ ಹಳ್ಳದಲ್ಲಿ ಕೆಂಪು ನೀರು ಹರಿಯತೊಡಗಿತ್ತು.

ಕೊರಿನ್ ಬೇರೆ ಹಗ್ಗ ಬಿಗಿದು ಟ್ರಕ್ ಹತ್ತಿದಳು. ಚಕ್ರಗಳು ಇದ್ದಲ್ಲೇ ತಿರುಗಿ ಕೆಸರು ಉಗುಳಿದವು. ಫೋನಿಗೆ ಸಿಗ್ನಲ್ ಇರಲಿಲ್ಲ. ಅವಳು ಇಳಿದು ಬರುವಷ್ಟರಲ್ಲಿ ನೀರು ಅಕ್ಕನ ಸೊಂಟ ಮುಟ್ಟಿತ್ತು. ಕೊರಿನ್ ಪಿಕಾಸಿ ಎತ್ತಿಕೊಂಡಳು.

“ಅದನ್ನ ಕೆಳಗಿಡು,” ಎಂದಳು ಆರ್ಡಿಸ್. ತುಟಿ ಬಿಳಿಚಿತ್ತು.

“ಒಡೆದು ಹಗುರ ಮಾಡ್ತೀನಿ, ಅಕ್ಕ. ಬೇರೆ ದಾರಿ ಇಲ್ಲ.”

“ಇನ್ನೊಂದು ಸಲ ಎಳೆದು ನೋಡು. ಅದನ್ನ ಮುಟ್ಟಿದ್ರೆ ನಿನ್ನ ಮುಖ ನೋಡಲ್ಲ.”

“ನೋಡ್ಬೇಡ. ಬದುಕಿದ್ದು ಬೇರೆ ಕಡೆ ನೋಡ್ಕೋ.”

ಮೊದಲ ಏಟಿಗೆ ಪ್ಲಾಸ್ಟರ್ ಬಿರಿಯಿತು. ಎರಡನೆಯದಕ್ಕೆ ಮೂತಿ ಸೀಳಿತು. ಆರ್ಡಿಸ್ ಕಿರುಚಿದ್ದು ಕಾಲಿನ ನೋವಿಗೋ ಆ ಸದ್ದಿಗೋ ಕೊರಿನ್‌ಗೆ ತಿಳಿಯಲಿಲ್ಲ. ಅವಳು ಅಳುತ್ತಲೇ ಕೊಚ್ಚಿದಳು; ಜುಟ್ಟು, ಕೆನ್ನೆ, ಕಣ್ಣಿನ ಗುಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಪ್ರವಾಹಕ್ಕೆ ಎಸೆದಳು. ನೀರು ಎದೆಗೇರಿತು, ಗಂಟಲಿಗೆ ಬಂತು. ಕೊನೆಗೆ ಉಳಿದ ದವಡೆಗೆ ಹಾರೆ ಕೊಟ್ಟು ಮೈಭಾರವನ್ನೆಲ್ಲ ಹಾಕಿದಳು. ಅದು ಉರುಳಿತು. ಅಕ್ಕನ ಕಂಕುಳಿಗೆ ಕೈಹಾಕಿ ದಡಕ್ಕೆಳೆದುಕೊಂಡು ಇಬ್ಬರೂ ಕೆಸರಲ್ಲಿ ಬಿದ್ದರು.

ಆಸ್ಪತ್ರೆಯಲ್ಲಿ ಆರ್ಡಿಸ್ ಆಡಿದ ಮಾತಿನಂತೆಯೇ ನಡೆದುಕೊಂಡಳು. ಕೊರಿನ್ ಸೂಪು ತಂದರೆ ಗೋಡೆಯತ್ತ ಹೊರಳಿ ಕುಡಿಯುತ್ತಿದ್ದಳು. ಮನೆಗೆ ಬಂದ ಮೇಲೂ ಅಷ್ಟೆ. ಕೊರಿನ್ ಕ್ಷಮೆ ಕೇಳಲಿಲ್ಲ. ಮಾಡಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ, ಸಂಕಟ ಮಾತ್ರ ಇತ್ತು.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಆರ್ಡಿಸ್ ಊರುಗೋಲು ಹಿಡಿದು ಟ್ರಕ್ಕಿನ ಪಕ್ಕ ನಿಂತಿದ್ದಳು. ಕೊರಿನ್ ಅವಳನ್ನು ಹತ್ತಿಸಿಕೊಂಡು ಹಳ್ಳಕ್ಕೆ ಕರೆದೊಯ್ದಳು. ಮಂಡಿ ಬಗ್ಗದ ಆರ್ಡಿಸ್ ದಡದಲ್ಲೇ ಉಳಿದಳು. ಕೊರಿನ್ ಜಲ್ಲಿಯಲ್ಲಿ ಮೊಣಕಾಲೂರಿ, ಹಲ್ಲುಗಳಿನ್ನೂ ಅಂಟಿಕೊಂಡಿದ್ದ ದವಡೆಯ ಚೂರೊಂದನ್ನು ಎತ್ತಿದಳು.

“ಹಾಗೆ ಒತ್ತಿ ಹಿಡೀಬೇಡ,” ಎಂದು ಮೇಲಿನಿಂದ ಆರ್ಡಿಸ್ ಗದರಿದಳು. “ಪುಡಿಯಾಗುತ್ತೆ. ಎರಡೂ ಕೈ ಕೊಡು.”

ಕೊರಿನ್ ಎರಡೂ ಕೈ ಕೊಟ್ಟಳು.