ಒಂಟಿ ಸೀನು

ತುಂಗಕ್ಕನ ಚಪ್ಪಲಿಗಳು ಹೊಸ್ತಿಲಾಚೆ ಸದಾ ಬೀದಿಗೆ ಮುಖ ಮಾಡಿಕೊಂಡಿರುತ್ತಿದ್ದವು. ಮೆಟ್ಟಿಕೊಂಡು ಹೊರಟವಳನ್ನು ಅವಳ ತಾಯಿ, ನಮ್ಮ ದೊಡ್ಡಮ್ಮ, ಒಂದು ಸೀನಿನ ನೆಪದಲ್ಲಿ ಹಿಂದಕ್ಕೆ ಕರೆಯುತ್ತಿದ್ದರು. ಯಾರೇ ಸೀನಲಿ, ಒಂಟಿ ಸೀನಾದರೆ ಕೂತು ನೀರು ಕುಡಿದು ಏಳಬೇಕು, ಜೋಡಿಯಾದರೆ ಹೊರಡಬಹುದು. ಈ ಶಾಸ್ತ್ರ ಎಲ್ಲರ ಮನೆಯಲ್ಲೂ ಇತ್ತು. ದೊಡ್ಡಮ್ಮನ ಮನೆಯಲ್ಲಿ ಅದು ಮಗಳ ಕಾಲಿಗೆ ಕಟ್ಟಿದ ಹಗ್ಗವಾಗಿತ್ತು.

ಮದುವೆಯಾಗದೆ ಉಳಿದ ತುಂಗಕ್ಕನಿಗೆ ತನ್ನದೆಂದು ಇದ್ದದ್ದು ಬೂದಿ ಎಂಬ ಬೆಕ್ಕು ಮಾತ್ರ. ಒಮ್ಮೆ ಅದು ಸೀನತೊಡಗಿತು. ಧೂಳಿಗೋ ಒಗ್ಗರಣೆಯ ಘಾಟಿಗೋ ಇರಬೇಕೆಂದು ನಾವು ನಕ್ಕೆವು. ಆಮೇಲೆ ಮೂಗಿನಿಂದ ಹಳದಿ ಸಿಂಬಳ ಇಳಿಯಿತು, ಕಣ್ಣಲ್ಲಿ ಪಿಸುರು ಕಟ್ಟಿತು, ಹಾಲಿನ ಬಟ್ಟಲನ್ನು ಅದು ಮೂಸಿಯೂ ನೋಡಲಿಲ್ಲ. ತುಂಗಕ್ಕ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಬಳಿಗೆ ಹೊರಟಳು. ಹೊಸ್ತಿಲಲ್ಲೇ ಬೂದಿ ಸೀನಿತು.

"ಕೂತ್ಕೊಳೇ," ಎಂದರು ದೊಡ್ಡಮ್ಮ.

ಕೂತಳು, ನೀರು ಕುಡಿದಳು, ಎದ್ದಳು. ಬುಟ್ಟಿಯೊಳಗಿಂದ ಮತ್ತೆ ಸೀನು. ಯಾವ ರೋಗಕ್ಕೆ ಮದ್ದು ಬೇಕಿತ್ತೋ ಆ ರೋಗವೇ ಬಾಗಿಲಿಗೆ ಅಡ್ಡ ನಿಂತಿತ್ತು. ಎರಡು ಸೀನು ಕೇಳಿದರೆ ದೊಡ್ಡಮ್ಮ ಜೋಡಿ ಮುರಿಯುವ ಮೂರನೆಯದಕ್ಕೆ ಕಿವಿಗೊಟ್ಟು ಕಾಯುತ್ತಿದ್ದರು. ಅದು ಬಂದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಸಮಾಧಾನ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ದೊಡ್ಡಮ್ಮ ಪೂಜೆಗೆ ಕೂತಿದ್ದಾಗ ತುಂಗಕ್ಕ ಬುಟ್ಟಿ ಎತ್ತಿಕೊಂಡು ಓಡಿದಳು, ಹಿಂದೆ ನಾನು. ಬೂದಿ ಆಗಲೇ ಬಾಯಿ ತೆರೆದು ಉಸಿರಾಡುತ್ತಿತ್ತು. ಡಾಕ್ಟರು ಬೈಯಲಿಲ್ಲ.

"ಒಂದೆರಡು ಸೀನಿಗೆಲ್ಲ ತರಬೇಕಾಗಿರಲಿಲ್ಲಮ್ಮ. ಮೂಗು ಹಳದಿಯಾಗಿ ಊಟ ಬಿಡ್ತಲ್ಲ, ಅವತ್ತೇ ತರಬೇಕಿತ್ತು. ವಾಸನೆ ಹತ್ತದಿದ್ರೆ ಬೆಕ್ಕು ತಿನ್ನೋದಿಲ್ಲ."

ತುಂಗಕ್ಕ ಬರಿಯ ಬುಟ್ಟಿ ಹಿಡಿದು ಮನೆಗೆ ಬಂದಳು. ಶಕುನ ಮೀರಿ ಹೋದದ್ದಕ್ಕೇ ಸತ್ತಿತು ಎಂದರು ದೊಡ್ಡಮ್ಮ.

ಬಹಳ ವರ್ಷಗಳ ಮೇಲೆ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ದೊಡ್ಡಮ್ಮನ ನೆಗಡಿ ಎದೆಗಿಳಿದಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಡಾಕ್ಟರನ್ನು ಕರೆತರಲು ತುಂಗಕ್ಕ ಚಪ್ಪಲಿ ಮೆಟ್ಟಿದಳು. ಹಾಸಿಗೆಯಿಂದ ಒಂದು ಸೀನು ಕೇಳಿಸಿತು.

ತುಂಗಕ್ಕ ಚಪ್ಪಲಿ ಕಳಚಿ ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕೂತಳು. ನೀರು ಕುಡಿದು ಏಳಬಹುದಿತ್ತು; ತಂಬಿಗೆಯನ್ನು ಮುಟ್ಟಲಿಲ್ಲ. ನಾನು ಹೋಗುತ್ತೇನೆಂದು ಎದ್ದರೆ ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಲಾಗಲಿಲ್ಲ.

"ಏನೂ ಆಗಲ್ಲ, ಹೋಗೇ," ಎಂದರು ದೊಡ್ಡಮ್ಮ.

"ಒಂಟಿ ಸೀನು, ಅಮ್ಮ," ತುಂಗಕ್ಕ ಮೆತ್ತಗೆ ಹೇಳಿದಳು. "ಇನ್ನೊಂದು ಬರ್ಲಿ."

ದೊಡ್ಡಮ್ಮ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಮೂಗಿಗೆ ತುರುಕಿಕೊಳ್ಳತೊಡಗಿದರು. ಹೊಸ್ತಿಲಾಚೆ ಚಪ್ಪಲಿಗಳು ಬೀದಿಗೆ ಮುಖ ಮಾಡಿಕೊಂಡಿದ್ದವು.